ಮಗ್ಗದ ಸದ್ದಿನಲ್ಲಿ ಕೇಳಿದ ಹೆಸರು: ಒಂದು ಪ್ರಕರಣ ಅಧ್ಯಯನ

ಇದು ಹುಬ್ಬಳ್ಳಿಯ ಮನೋವೈದ್ಯನಾದ ನಾನು ಕಂಡ, ಗದಗ-ಬೆಟಗೇರಿಯ ಒಂದು ನೇಕಾರ ಮನೆಯ ಪ್ರಕರಣ. ರೋಗಿಯ ವಯಸ್ಸು, ಓಣಿ, ತವರೂರು, ಮಕ್ಕಳ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ರೋಗದ ಲಕ್ಷಣಗಳನ್ನು, ಕೊಟ್ಟ ಔಷಧಗಳನ್ನು, ನನ್ನ ತಪ್ಪುಗಳನ್ನು ಬದಲಿಸಿಲ್ಲ. ಮನೆಯವರೆಲ್ಲ ಅವರನ್ನು ಅವ್ವ ಎಂದೇ ಕರೆಯುತ್ತಿದ್ದರು, ಇಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಕರಡನ್ನು ಓದಿ ಹೇಳಿದಾಗ ಅವರು ತಿದ್ದಿದ್ದು ಒಂದೇ ಕಡೆ. ನಾನು ‘ಲಾಳಿ ಸುತ್ತುವುದು’ ಎಂದು ಬರೆದಿದ್ದೆ. “ಲಾಳಿಯನ್ನು ಯಾರೂ ಸುತ್ತುವುದಿಲ್ಲ ಸಾಹೇಬರೇ. ಸುತ್ತುವುದು ಕಂಡಿಕೆಯನ್ನು, ಕಂಡಿಕೆ ಹೋಗಿ ಲಾಳಿಯೊಳಗೆ ಕೂರುತ್ತದೆ” ಎಂದರು.

ಹಿನ್ನೆಲೆ

ಅವ್ವನಿಗೆ ಆಗ 47 ವರ್ಷ. ಮನೆಯಲ್ಲಿ ಎರಡು ಕೈಮಗ್ಗಗಳಿದ್ದವು. ಒಂದರಲ್ಲಿ ಗಂಡ ಕೂರುತ್ತಿದ್ದರು. ಇನ್ನೊಂದು ಮಗನದು, ಆದರೆ ಮಗ ಮದುವೆಯಾದ ಮೇಲೆ ಮಗ್ಗ ಬಿಟ್ಟು ಹುಬ್ಬಳ್ಳಿಯ ಒಂದು ಕಾರ್ಖಾನೆಗೆ ದಿನವೂ ರೈಲಿನಲ್ಲಿ ಹೋಗಿ ಬರತೊಡಗಿದ್ದ. ಅವನ ಮಗ್ಗದ ಮೇಲೆ ಬಟ್ಟೆಯ ಗಂಟುಗಳು ಸೇರಿದ್ದವು. ಓಣಿಯ ಬಹಳಷ್ಟು ಮನೆಗಳಲ್ಲಿ ವಿದ್ಯುತ್ ಮಗ್ಗ ಬಂದಿತ್ತು. ಬೆಳಗಿನಿಂದ ರಾತ್ರಿಯವರೆಗೆ ಗೋಡೆಯಾಚೆಯಿಂದ ಒಂದೇ ಸಮನೆ ಸದ್ದು.

ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಸುತ್ತುವುದು, ಕಡಿದ ಎಳೆ ಹೊಸೆಯುವುದು ಅವ್ವನ ಪಾಲಿನ ಕೆಲಸ. ಮೊದಲು ಕೆಟ್ಟದ್ದು ಅದೇ. ಕಂಡಿಕೆ ಬಾರದೆ ಗಂಡ ಮಗ್ಗ ನಿಲ್ಲಿಸಿ ಕೂರಬೇಕಾಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಅಂಥದ್ದು ನಡೆದಿರಲಿಲ್ಲವೆಂದು ಅವರು ಆಮೇಲೆ ನನಗೆ ಹೇಳಿದರು. ಅವ್ವ ಸೋಮಾರಿಯಾದಳು ಎಂದು ಮನೆಯಲ್ಲಿ ಮಾತಾಯಿತು. ಏಪ್ರಿಲ್ ತಿಂಗಳ ಗದಗಿನ ಬಿಸಿಲಿನಲ್ಲಿಯೂ ಅವರು ಸೆರಗಿನ ಮೇಲೆ ಕಂಬಳಿ ಹೊದ್ದು ಕೂರುತ್ತಿದ್ದರು. ಮೈ ತೂಕ ಏರಿತು, ಕೂದಲು ಉದುರಿತು, ಮಲಬದ್ಧತೆ ಕಾಡಿತು. ಮುಟ್ಟು ನಿಲ್ಲುವ ವಯಸ್ಸು, ಹೀಗೆಯೇ ಆಗುತ್ತದೆ ಎಂದು ನೆರೆಯ ಹೆಂಗಸರು ಸಮಾಧಾನ ಹೇಳಿದರು.

ಓದುತ್ತಿರುವ ವೈದ್ಯರಿಗೆ ಇಷ್ಟರಲ್ಲಿಯೇ ಏನೋ ಹೊಳೆದಿರಬಹುದು. ನನಗೆ ಹೊಳೆಯದೆ ಇದ್ದುದಕ್ಕೆ ಕಾರಣ ಸರಳ: ಈ ವಿವರಗಳು ನನ್ನ ಕಿವಿಗೆ ಬಿದ್ದದ್ದು ಐದು ತಿಂಗಳು ತಡವಾಗಿ. ಮೊದಲ ಭೇಟಿಯಲ್ಲಿ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನಾಗರ ಪಂಚಮಿಗೆ ಸೊಸೆ ಉಂಡಿ ಕಟ್ಟಿದ್ದಳು. ಅವ್ವ ಒಂದನ್ನು ಕೈಗೆತ್ತಿಕೊಂಡು ಮೂಸಿ ನೋಡಿ, ಹಿತ್ತಲಿಗೆ ಹೋಗಿ ಎಸೆದು ಬಂದರು. ಅದರಲ್ಲಿ ವಿಷ ಬೆರೆಸಿದ್ದಾಳೆ ಎಂದರು, ಅಂದಿನಿಂದ ಸೊಸೆ ಮಾಡಿದ ಅಡುಗೆ ಮುಟ್ಟಲಿಲ್ಲ. ತಾವೇ ಒಂದು ರೊಟ್ಟಿ ಬಡಿದು ಖಾರದಪುಡಿ, ಎಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದರು. ಮಗ್ಗದ ಸದ್ದಿನೊಳಗೆ ಯಾರೋ ತಮ್ಮ ಹೆಸರು ಕೂಗುತ್ತಾರೆ ಎನ್ನತೊಡಗಿದರು. ಒಂದು ರಾತ್ರಿ ಎದ್ದು ಗಂಡನ ಮಗ್ಗದ ಹಾಸನ್ನು, ಅಂದರೆ ಉದ್ದಕ್ಕೆ ಬಿಗಿದ ನೂಲುಗಳನ್ನು, ಕತ್ತರಿಯಿಂದ ಕತ್ತರಿಸಿದರು. ಮನೆಯವರು ಅದನ್ನು ಕಾಯಿಲೆ ಎಂದು ಒಪ್ಪಿಕೊಂಡದ್ದು ಆ ರಾತ್ರಿ. ವಿಷದ ಮಾತನ್ನು ಸಹಿಸಿಕೊಂಡಿದ್ದವರಿಗೆ ನೇಕಾರನ ಹೆಂಡತಿ ಹಾಸು ಕತ್ತರಿಸಿದ್ದನ್ನು ಸಹಿಸಲಾಗಲಿಲ್ಲ.

ನನ್ನ ಬಳಿ ಬರುವ ಮೊದಲು

ಮೊದಲು ಲಕ್ಷ್ಮೇಶ್ವರದ ಕಡೆಯ ಹಳ್ಳಿಯಲ್ಲಿದ್ದ ತಮ್ಮನ ಮನೆಗೆ ಕಳುಹಿಸಿದರು. ಅಲ್ಲಿ ಅವ್ವ ಹದಿನೆಂಟು ದಿನ ಇದ್ದರು. ಹೆಸರು ಕೂಗುವ ಧ್ವನಿ ನಿಂತಿತು, ತಮ್ಮನ ಹೆಂಡತಿ ಬಡಿಸಿದ್ದನ್ನು ಉಂಡರು. ಬೆಟಗೇರಿಗೆ ಮರಳಿದ ಮೂರನೆಯ ದಿನ ಎಲ್ಲವೂ ಮತ್ತೆ ಶುರುವಾಯಿತು.

ಈ ಹದಿನೆಂಟು ದಿನಗಳ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಈ ಪ್ರಕರಣದಲ್ಲಿ ಅದಕ್ಕೆ ಮೂರು ಬಾರಿ ಮೂರು ಅರ್ಥ ಬಂದವು.

ಮೊದಲ ಅರ್ಥ ಮನೆಯವರದು. ಆ ಊರಲ್ಲಿ ಗುಣ, ಈ ಮನೆಯಲ್ಲಿ ರೋಗ. ಹಾಗಾದರೆ ದೋಷ ಮನೆಯಲ್ಲಿದೆ, ಯಾರೋ ಏನೋ ಮಾಡಿಸಿದ್ದಾರೆ. ಅಮಾವಾಸ್ಯೆಗೊಮ್ಮೆ ಹೇಳಿಕೆ ಕೇಳಲು ಹೋದರು. ಹೊಸ್ತಿಲ ಕೆಳಗೆ ಅಗೆಸಿದರು. ನಿಂಬೆಹಣ್ಣು, ತಾಯತ, ಮೂರು ತಿಂಗಳ ಕೂಲಿ ಹೋಯಿತು. ನಾನು ಈ ತರ್ಕವನ್ನು ಹಳಿಯಲಾರೆ. ಜಾಗ ಬದಲಿಸಿದರು, ಫಲ ನೋಡಿದರು, ಮತ್ತೆ ಹಳೆಯ ಜಾಗಕ್ಕೆ ತಂದು ಮತ್ತೊಮ್ಮೆ ನೋಡಿದರು. ಪ್ರಯೋಗ ಎಂದರೆ ಇದೇ ಅಲ್ಲವೇ? ಅದರಿಂದ ತೆಗೆದ ತೀರ್ಮಾನವಷ್ಟೇ ಹದ ತಪ್ಪಿತ್ತು.

ಬಳಿಕ ಓಣಿಯ ವೈದ್ಯರು ಶಕ್ತಿಯ ಇಂಜೆಕ್ಷನ್, ನಿದ್ರೆಯ ಮಾತ್ರೆ ಕೊಟ್ಟರು. ಧಾರವಾಡಕ್ಕೆ ಕರೆದೊಯ್ಯಿರಿ ಎಂದವರು ಅವರೇ. ನಮ್ಮ ಕಡೆ ಜಗಳದಲ್ಲಿ ‘ನಿನ್ನನ್ನು ಧಾರವಾಡಕ್ಕೆ ಒಯ್ಯಬೇಕು’ ಎಂದರೆ ಅದು ವಿಶ್ವವಿದ್ಯಾಲಯದ ಮಾತಲ್ಲ. 1845ರಿಂದ ಅಲ್ಲಿ ಮಾನಸಿಕ ಆಸ್ಪತ್ರೆ ಇದೆ. ಇವತ್ತು ಅದು ಡಿಮ್ಹಾನ್ಸ್ ಎಂಬ, ನರವಿಜ್ಞಾನವನ್ನೂ ಒಳಗೊಂಡ ಸಂಸ್ಥೆ. ಹೆಸರು ಬದಲಾಯಿತು, ಬೈಗುಳ ಬದಲಾಗಲಿಲ್ಲ. ಮನೆಯವರು ಧಾರವಾಡದ ಹೆಸರಿಗೇ ಹೆದರಿದರು. ಸಂಕ್ರಾಂತಿ ಕಳೆದ ಮೇಲೆ, ಕಣ್ಣು ತೋರಿಸಿಕೊಂಡು ಬರುತ್ತೇವೆ ಎಂದು ನೆರೆಯವರಿಗೆ ಹೇಳಿ, ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಬಂದರು.

ನಾನು ಕಂಡದ್ದು, ಬರೆದದ್ದು

ಆ ದಿನದ ನನ್ನ ಟಿಪ್ಪಣಿ ಈಗಲೂ ಕಡತದಲ್ಲಿದೆ. ಮೂರು ಸಾಲು. ಮಗ್ಗದ ಸದ್ದಿನಲ್ಲಿ ಹೆಸರು ಕೇಳಿಸುತ್ತದೆ. ಸೊಸೆ ಅನ್ನದಲ್ಲಿ ಏನೋ ಬೆರೆಸುತ್ತಾಳೆ. ಗಂಡಸರು ಮನೆ ಮುಂದೆ ಬಂದು ಹೆಸರು ಹಿಡಿದು ಕೂಗುತ್ತಾರೆ, ತನ್ನ ಮೇಲೆ ಇಲ್ಲದ ಸಾಲ ಹೊರಿಸುತ್ತಾರೆ.

ಮೂರಕ್ಕೂ ಸೇರಿಸಿ ಪಕ್ಕದಲ್ಲಿ ಒಂದು ಆವರಣ ಚಿಹ್ನೆ ಎಳೆದು ‘ಭ್ರಮೆ’ ಎಂದು ಬರೆದಿದ್ದೇನೆ. ಗಂಡಸರು ನಿಜವಾಗಿ ಬರುತ್ತಾರೆಯೇ ಎಂದು ಸೊಸೆಯನ್ನು ಕೇಳಿದ್ದೆ, ಅಷ್ಟರ ಮಟ್ಟಿಗೆ ನನ್ನನ್ನು ನಾನು ಸಮರ್ಥಿಸಿಕೊಳ್ಳಬಲ್ಲೆ. “ಯಾರೂ ಬಂದಿಲ್ಲ ಸಾಹೇಬರೇ” ಎಂದಿದ್ದಳು. ಪಕ್ಕದಲ್ಲಿ ಮಾವ ಕುಳಿತಿದ್ದರು.

ಹದಿನೆಂಟು ದಿನಗಳ ಎರಡನೆಯ ಅರ್ಥ ನನ್ನದು. ನಿಜವಾದ ಒಂದು ಸದ್ದು ಕೇಳುತ್ತಿರುವಾಗ ಮಾತ್ರ, ಅದರ ಜೊತೆಜೊತೆಗೆ ಇಲ್ಲದ ಧ್ವನಿಯೂ ಕೇಳಿಸುವ ಒಂದು ಬಗೆಯ ಭ್ರಮೆ ಇದೆ. ನಲ್ಲಿಯ ನೀರು ಬೀಳುವಾಗ, ಫ್ಯಾನ್ ತಿರುಗುವಾಗ ಬೈಗುಳ ಕೇಳಿಸುತ್ತದೆ. ನಲ್ಲಿ ನಿಲ್ಲಿಸಿದರೆ, ಫ್ಯಾನ್ ಆರಿಸಿದರೆ ಬೈಗುಳವೂ ನಿಲ್ಲುತ್ತದೆ. ತಮ್ಮನ ಹಳ್ಳಿಯಲ್ಲಿ ಮಗ್ಗವಿಲ್ಲ, ಆದ್ದರಿಂದ ಧ್ವನಿಯೂ ಇಲ್ಲ. ಪಠ್ಯದಲ್ಲಿ ಓದಿದ್ದು ಕಣ್ಣೆದುರು ಬಂದು ಕುಳಿತಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯೇ ಮುಂದಿನ ಪ್ರಶ್ನೆಗಳನ್ನು ನುಂಗಿತು ಎಂದು ಈಗ ಅನ್ನಿಸುತ್ತದೆ.

ಇಲ್ಲದ ಧ್ವನಿ, ಬುಡವಿಲ್ಲದ ಸಂಶಯ ಕಾಡುವ ಮನೋರೋಗ ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಹರೆಯದಲ್ಲಿ ತೊಡಗುವ ಕಾಯಿಲೆಯಾದರೂ ಹೆಂಗಸರಲ್ಲಿ 45ರ ಆಚೀಚೆ ಮತ್ತೊಮ್ಮೆ ಅದರ ಸಣ್ಣ ಏರಿಕೆ ಕಾಣುತ್ತದೆ. ರೋಗನಿರ್ಣಯ ಹೊಂದಿಕೊಂಡಿತು. ಭ್ರಮೆ ತಗ್ಗಿಸುವ ಔಷಧ ರಿಸ್ಪೆರಿಡೋನನ್ನು 2 ಮಿಲಿಗ್ರಾಂನಿಂದ ಆರಂಭಿಸಿ 4ಕ್ಕೆ ಏರಿಸಿದೆ. ಆರು ವಾರಗಳಲ್ಲಿ ಹೆಸರು ಕೂಗುವುದು ಕಡಿಮೆಯಾಯಿತು, ಸಂಶಯ ಅರ್ಧಕ್ಕೆ ಇಳಿಯಿತು. ಆದರೆ ಅವ್ವ ಕಲ್ಲಿನಂತಾದರು. ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ನಾನು ಎರಡು ಸಾಲು ಬರೆದು ಮುಗಿಸುತ್ತಿದ್ದೆ. ಔಷಧದ ಮಂದತನ ಎಂದುಕೊಂಡು 2ಕ್ಕೆ ಇಳಿಸಿದೆ. ಧ್ವನಿ ಮರಳಿತು. ಮತ್ತೆ 3ಕ್ಕೆ ಏರಿಸಿದೆ. ಖಿನ್ನತೆ ಇರಬಹುದೆಂದು ಇನ್ನೊಂದು ಮಾತ್ರೆ ಸೇರಿಸಿದೆ. ಏರಿಸುವುದು, ಇಳಿಸುವುದು, ಐದು ತಿಂಗಳು ಇದೇ ಆಟ. ಮಂದತನ ಔಷಧಕ್ಕಿಂತ ಮೊದಲೇ ಇತ್ತೇ ಎಂಬ ಒಂದೇ ಪ್ರಶ್ನೆಯನ್ನು ಗಂಡನಿಗೆ ಕೇಳಿದ್ದರೆ ಕಂಡಿಕೆಯ ಕಥೆ ಹೊರಬರುತ್ತಿತ್ತು.

ಒಂದು ಫೋನ್ ಕರೆ

ಜೂನ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಕ್ಲಿನಿಕ್ಕಿನ ಹುಡುಗ ಫೋನ್ ಕೆಳಗಿಟ್ಟು, “ಬೆಟಗೇರಿಯ ಅವ್ವನ ಮಾತ್ರೆ ಮುಗಿದಿವೆಯಂತೆ. ಅವರ ಗಂಡ ಮಾತನಾಡಿದರು” ಎಂದ. ಗಂಡ ಆಗ ನನ್ನೆದುರೇ ಕುಳಿತಿದ್ದರು. ಮಾತ್ರೆ ಒಯ್ಯಲು ಒಬ್ಬರೇ ಬಂದಿದ್ದರು, ಅದು ಮನೆಯಲ್ಲಿ ಅವ್ವನಿಗೆ ನೆನಪಿರಲಿಲ್ಲ. ಫೋನ್ ಮಾಡಿದ್ದು ಸ್ವತಃ ಅವ್ವ.

“ಅವಳ ದನಿ ಯಾವಾಗಿನಿಂದ ಹೀಗಿದೆ?” ಎಂದು ಕೇಳಿದೆ. ಒಂದೂವರೆ ವರ್ಷವಾಯಿತು, ಗಂಟಲು ಕಟ್ಟಿದಂತೆ ದಪ್ಪವಾಗಿದೆ, ಹಿಂದೆ ಸೋಬಾನೆ ಹಾಡಲು ಓಣಿಯವರೆಲ್ಲ ಅವಳನ್ನೇ ಕರೆಯುತ್ತಿದ್ದರು ಎಂದರು. ಮಗನ ಮದುವೆಯ ಫೋಟೋ ಅವರ ಮೊಬೈಲಿನಲ್ಲಿತ್ತು. ಅದರಲ್ಲಿದ್ದ ಹೆಂಗಸನ್ನು ನಾನು ಗುರುತಿಸಲಿಲ್ಲ. ಐದು ತಿಂಗಳಿಂದ ನಾನು ನೋಡುತ್ತಿದ್ದ ಮುಖ ಊದಿಕೊಂಡದ್ದು, ರೆಪ್ಪೆಯ ಸುತ್ತ ನೀರು ತುಂಬಿದಂತಿದ್ದದ್ದು, ಹುಬ್ಬಿನ ಹೊರತುದಿ ಉದುರಿದ್ದು. ಮೊದಲ ದಿನದಿಂದಲೂ ಹಾಗೆಯೇ ಕಂಡಿದ್ದರಿಂದ ಅದೇ ಅವರ ಮುಖ ಎಂದುಕೊಂಡಿದ್ದೆ.

ಮರುದಿನ ಅವ್ವನನ್ನು ಕರೆಸಿದೆ. ನಾಡಿ ನಿಮಿಷಕ್ಕೆ 54. ಚರ್ಮ ಒರಟು, ತಣ್ಣಗೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ತಟ್ಟಿದಾಗ ಪಾದ ಚಟ್ಟನೆ ಮುಂದಕ್ಕೆ ಹೋಯಿತು, ಹಿಂದಕ್ಕೆ ಬರುವಾಗ ಮಾತ್ರ ಉಯ್ಯಾಲೆ ನಿಲ್ಲುವ ಹಾಗೆ ನಿಧಾನ. ಮನೋವೈದ್ಯರ ಮೇಜಿನ ಮೇಲೆ ಆ ಸುತ್ತಿಗೆ ಎಷ್ಟೋ ಸಲ ಕಾಗದ ಹಾರದಂತೆ ಇಡುವ ಭಾರವಾಗಿ ಕೆಲಸ ಮಾಡುತ್ತದೆ. ನನ್ನದೂ ಹಾಗೆಯೇ ಇತ್ತು.

ರಕ್ತದ ವರದಿಯಲ್ಲಿ ಟಿಎಸ್‌ಎಚ್ 112. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುವ ರಸ ಅದು, ಗ್ರಂಥಿ ಸೋತಷ್ಟೂ ರಕ್ತದಲ್ಲಿ ಏರುತ್ತದೆ. ಸಾಮಾನ್ಯವಾಗಿ 4ರ ಆಸುಪಾಸನ್ನು ಮೀರಬಾರದು. ಥೈರಾಯ್ಡ್ ಗ್ರಂಥಿ ಬಹುತೇಕ ಕೆಲಸ ನಿಲ್ಲಿಸಿತ್ತು. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆ ತಿರುಗಿಬಿದ್ದಿದೆ ಎಂಬುದಕ್ಕೆ ಪ್ರತಿಕಾಯಗಳ ಪರೀಕ್ಷೆ ಸಾಕ್ಷಿ ಹೇಳಿತು. ಬಿ12, ಸಕ್ಕರೆ, ಮೂತ್ರಪಿಂಡದ ಪರೀಕ್ಷೆಗಳು ಸರಿಯಾಗಿದ್ದವು.

ಥೈರಾಯ್ಡ್ ರಸ ಕಡಿಮೆಯಾದರೆ ಮೈಯ ಎಲ್ಲ ಕೆಲಸಗಳೂ ನಿಧಾನವಾಗುತ್ತವೆ, ಮಿದುಳಿನದೂ ಸೇರಿ. ಹೆಚ್ಚಿನವರಲ್ಲಿ ಅದು ಮಂಕು, ಮರೆವು, ಖಿನ್ನತೆಯಾಗಿ ಕಾಣುತ್ತದೆ. ಕೆಲವರಲ್ಲಿ ಸಂಶಯವಾಗಿ, ಇಲ್ಲದ ಧ್ವನಿಯಾಗಿ ಏಳುತ್ತದೆ. ಇದು ಹೊಸ ಸಂಗತಿಯೇನಲ್ಲ. 1888ರಲ್ಲೇ ಲಂಡನ್ನಿನ ವೈದ್ಯರ ಸಮಿತಿಯೊಂದು ಇಂಥ ನೂರಕ್ಕೂ ಹೆಚ್ಚು ರೋಗಿಗಳನ್ನು ಪರಿಶೀಲಿಸಿ ಭ್ರಮೆಗಳನ್ನು ದಾಖಲಿಸಿತ್ತು. 1949ರಲ್ಲಿ ಬ್ರಿಟಿಷ್ ವೈದ್ಯ ರಿಚರ್ಡ್ ಆಷರ್ ಇಂಥ 14 ರೋಗಿಗಳ ವಿವರ ಬರೆದು, ಕಣ್ಣೆದುರಿನ ಮುಖವನ್ನು ನೋಡದೆ ಹುಚ್ಚಿನ ಚೀಟಿ ಅಂಟಿಸುವ ಅಭ್ಯಾಸದ ಬಗ್ಗೆ ಎಚ್ಚರಿಸಿದ್ದರು. ನಾನು ಅದನ್ನು ಪರೀಕ್ಷೆಗಾಗಿ ಓದಿದ್ದೆ, ಉತ್ತರವನ್ನೂ ಬರೆದಿದ್ದೆ.

ಹುಚ್ಚಲ್ಲ, ಥೈರಾಯ್ಡ್

ಥೈರಾಯ್ಡ್ ರಸದ ಕೊರತೆ ತುಂಬುವ ಲೆವೊಥೈರಾಕ್ಸಿನ್ ಮಾತ್ರೆಯನ್ನು 25 ಮೈಕ್ರೋಗ್ರಾಂನಿಂದ ಆರಂಭಿಸಿದೆವು. ಒಣಗಿದ ಕೆರೆಗೆ ಒಮ್ಮೆಲೇ ಕಾಲುವೆ ಬಿಟ್ಟಂತೆ ಮಾಡಿದರೆ ಹೃದಯಕ್ಕೆ ಹೊರೆಯಾಗುತ್ತದೆ. ಇಸಿಜಿ ನೋಡಿಕೊಂಡು ಹಂತಹಂತವಾಗಿ ಏರಿಸಿದೆವು. ಎಂಟು ವಾರಗಳ ಬಳಿಕ ಟಿಎಸ್‌ಎಚ್ 38. ಇಳಿದಿತ್ತು, ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ. ಸೊಸೆಯನ್ನು ಕೇಳಿದಾಗ ಕಾರಣ ತಿಳಿಯಿತು. ನಸುಕಿನಲ್ಲಿ ಎದ್ದ ಕೂಡಲೇ ಅವ್ವನಿಗೆ ಚಹಾ ಬೇಕು, ಮಾತ್ರೆಯನ್ನು ಆ ಚಹಾದ ಜೊತೆಗೇ ನುಂಗುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನೊಂದಿಗೆ ತೆಗೆದುಕೊಂಡು ಅರ್ಧ, ಮುಕ್ಕಾಲು ಗಂಟೆ ಕಾಯದಿದ್ದರೆ ಈ ಔಷಧ ಸರಿಯಾಗಿ ಹೀರಲ್ಪಡುವುದಿಲ್ಲ. ಚೀಟಿಯಲ್ಲಿ ಖಾಲಿ ಹೊಟ್ಟೆಗೆ ಎಂದು ಬರೆದಿದ್ದೆ ನಿಜ. ನಮ್ಮ ಕಡೆ ಚಹಾ ಕುಡಿದರೆ ಹೊಟ್ಟೆ ತುಂಬಿತು ಎಂದು ಯಾರು ಲೆಕ್ಕ ಹಿಡಿಯುತ್ತಾರೆ? ಮಾತ್ರೆಯ ಡಬ್ಬಿಯನ್ನು ತಲೆದಿಂಬಿನ ಬಳಿ, ನೀರಿನ ತಂಬಿಗೆಯ ಪಕ್ಕದಲ್ಲಿ ಇಡಲು ಸೊಸೆಯೇ ಉಪಾಯ ಹೇಳಿದಳು.

ದಸರೆಯ ಹೊತ್ತಿಗೆ ಟಿಎಸ್‌ಎಚ್ 3ಕ್ಕೆ ಬಂದಿತ್ತು. ಅವ್ವನ ದನಿ ತಿಳಿಯಾಯಿತು, ಮುಖ ಮದುವೆಯ ಫೋಟೋದ ಕಡೆಗೆ ಹೊರಳಿತು. ಕಂಡಿಕೆ ಮತ್ತೆ ಸುತ್ತತೊಡಗಿದರು. ಮಗ ಪೇಢೆಯ ಡಬ್ಬಿ ಹಿಡಿದು ಬಂದ. “ಸಾಹೇಬರೇ, ನಮ್ಮ ಅವ್ವನಿಗೆ ಹುಚ್ಚಿರಲಿಲ್ಲ. ಥೈರಾಯ್ಡ್ ಇತ್ತು.” ಧಾರವಾಡಕ್ಕೆ ಹೋಗಲೊಲ್ಲದವರು ಧಾರವಾಡದ ಪೇಢೆ ತಂದಿದ್ದರು.

ನಾನು ಪೇಢೆ ತಿಂದೆ, ಮಾತನ್ನು ತಿದ್ದಲಿಲ್ಲ. ಈ ಪ್ರಕರಣದಲ್ಲಿ ನನ್ನ ಎರಡನೆಯ ತಪ್ಪು ಅದು, ನನ್ನ ಲೆಕ್ಕದಲ್ಲಿ ಮೊದಲಿನದಕ್ಕಿಂತ ದೊಡ್ಡದು. ಇಡೀ ಮನೆ ಆ ಒಂದು ಶಬ್ದದ ನೆರಳಿನಲ್ಲಿ ವಿಶ್ರಾಂತಿ ಪಡೆಯುತ್ತಿತ್ತು. ರಕ್ತದಲ್ಲಿ ಸಂಖ್ಯೆಯಾಗಿ ಕಾಣುವ ಕಾಯಿಲೆಗೆ ನಾಚಿಕೆಯಿಲ್ಲ, ಕಿರಿಯ ಮಗಳ ಸಂಬಂಧಕ್ಕೂ ಅಡ್ಡಿಯಿಲ್ಲ. ನನಗೂ ಒಳಗೆ ಅದೇ ನೆಮ್ಮದಿ: ತಡವಾದರೂ ಕಾರಣ ಸಿಕ್ಕಿತಲ್ಲ. ರಿಸ್ಪೆರಿಡೋನನ್ನು ಇನ್ನೂ ಕೆಲವು ತಿಂಗಳು ಮುಂದುವರಿಸಿ ಆಮೇಲೆ ನಿಧಾನವಾಗಿ ಇಳಿಸೋಣ ಎಂದು ಹೇಳಿದೆ. ಆದರೆ ಬಾಯಿಯಲ್ಲಿ ಪೇಢೆ ಇಟ್ಟುಕೊಂಡು ಹೇಳಿದ ಮಾತಿಗೆ ಎಷ್ಟು ತೂಕ? ದೀಪಾವಳಿಗೆ ಮುಂಚೆಯೇ ಅವರು ಅದನ್ನು ನಿಲ್ಲಿಸಿದ್ದರು. ಹುಚ್ಚೇ ಇಲ್ಲದ ಮೇಲೆ ಹುಚ್ಚಿನ ಮಾತ್ರೆ ಏಕೆ?

ಮತ್ತೆ

ನಾಲ್ಕು ತಿಂಗಳು ಏನೂ ಆಗಲಿಲ್ಲ. ಫೆಬ್ರವರಿಯಲ್ಲಿ ಅವ್ವ ಮತ್ತೆ ತಾವೇ ರೊಟ್ಟಿ ಬಡಿದುಕೊಳ್ಳತೊಡಗಿದರು. ಮಗ್ಗದಲ್ಲಿ ಹೆಸರು ಕೇಳಿಸಿತು. ಗದಗಿನಲ್ಲಿಯೇ ಪರೀಕ್ಷೆ ಮಾಡಿಸಿದರು, ಟಿಎಸ್‌ಎಚ್ 2.9. ಪಕ್ಕಾ ಸರಿಯಾಗಿದೆ.

ನನಗೆ ಫೋನ್ ಮಾಡಲಿಲ್ಲ. ಥೈರಾಯ್ಡ್ ಎಂಬ ಉತ್ತರವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಮಾತ್ರೆ ಸಾಲುತ್ತಿಲ್ಲ ಎಂದು ಮಗ 100ರ ಬದಲು 200 ಮೈಕ್ರೋಗ್ರಾಂ ಕೊಡತೊಡಗಿದ. ಐದು ವಾರಗಳಲ್ಲಿ ಎದೆಬಡಿತ, ಬೆವರು, ಕೈನಡುಕ, ಮೂರು ರಾತ್ರಿ ನಿದ್ರೆಯಿಲ್ಲ. ಥೈರಾಯ್ಡ್ ರಸ ಹೆಚ್ಚಾದರೂ ಮನಸ್ಸು ಕೆಡುತ್ತದೆ. ನಾಲ್ಕನೆಯ ರಾತ್ರಿ ಅವ್ವ ಬಾಗಿಲ ಅಗಳಿ ತೆಗೆದು ಓಣಿಗೆ ಹೊರಟಾಗ ಸೊಸೆ 14416ಕ್ಕೆ ಕರೆ ಮಾಡಿದಳು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಯಾವ ಯಾವ ಮಾತ್ರೆ ಕೊಡುತ್ತಿದ್ದೀರಿ ಎಂದು ಆ ಕಡೆಯವರು ಕೇಳಿದರು, ಎದೆಬಡಿತದ ಮಾತು ಕೇಳಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದರು. ಟಿಎಸ್‌ಎಚ್ 0.05ಕ್ಕೆ ಕುಸಿದಿತ್ತು. ಹೃದಯದ ಲಯ ಕೆಟ್ಟಿರಲಿಲ್ಲ, ಅದೃಷ್ಟ.

ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿ ಮತ್ತೆ 100ಕ್ಕೆ ತಂದೆವು, ರಿಸ್ಪೆರಿಡೋನ್ 2 ಮಿಲಿಗ್ರಾಂ ಮರಳಿ ಆರಂಭಿಸಿದೆವು. ಮೊದಲ ಭೇಟಿಯಲ್ಲಿ ಕೇಳಬೇಕಿದ್ದ ಕುಟುಂಬದ ಚರಿತ್ರೆಯನ್ನು ಆಗ ಮತ್ತೊಮ್ಮೆ ಕೆದಕಿದೆ. ಮೊದಲು ‘ಯಾರಿಗೂ ಇಲ್ಲ’ ಎಂದವರು ಈ ಸಲ ಅವ್ವನ ಚಿಕ್ಕಮ್ಮನ ಹೆಸರು ಹೇಳಿದರು. ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ, ತನ್ನಷ್ಟಕ್ಕೆ ಮಾತನಾಡಿಕೊಂಡು ಇದ್ದು ತೀರಿಕೊಂಡವರು. ರಕ್ತದಲ್ಲಿಯೂ ಒಂದು ಎಳೆ ಇತ್ತು ಎಂದಾಯಿತು.

ಓಣಿಯಲ್ಲಿ ಒಂದು ಭಾನುವಾರ

ಅವ್ವ ಸ್ವಲ್ಪ ಸುಧಾರಿಸಿದರು. ಆದರೆ ಗಂಡಸರು ಬಂದು ಕೂಗುತ್ತಾರೆ ಎಂಬ ಮಾತು ಮಾತ್ರ ಕದಲಲಿಲ್ಲ. ಅನ್ನದ ಸಂಶಯ ಕರಗಿತ್ತು, ಮಗ್ಗದ ಧ್ವನಿ ಮಸುಕಾಗಿತ್ತು. ಇದೊಂದೇ ಏಕೆ ಔಷಧಕ್ಕೆ ಜಗ್ಗುವುದಿಲ್ಲ? ಮನೆ ನೋಡಬೇಕು ಅನ್ನಿಸಿತು. ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಬೆಟಗೇರಿಗೆ ಹೋದೆ. ಮನೋವೈದ್ಯ ಎಂದು ಹೇಳಬೇಡಿ, ಸೀರೆ ಕೊಳ್ಳಲು ಬಂದವರು ಎನ್ನಿ ಎಂದು ಮಗ ಬಿನ್ನವಿಸಿಕೊಂಡಿದ್ದ. ಆ ದಿನ ನಾನು ನಿಜವಾಗಿಯೂ ಒಂದು ಸೀರೆ ಕೊಂಡೆ.

ಅವ್ವ ಕಂಡಿಕೆ ಸುತ್ತುತ್ತಿದ್ದರು, ಸೊಸೆ ಅವಲಕ್ಕಿ ಒಗ್ಗರಣೆ ತಂದಿಟ್ಟಿದ್ದಳು. ಹೊರಗೆ ಬೈಕ್ ನಿಂತ ಸದ್ದು. ಒಬ್ಬ ಗಂಡಸು ಬೀದಿಯಿಂದಲೇ ಅವ್ವನ ಪೂರ್ತಿ ಹೆಸರು, ಅಡ್ಡಹೆಸರು ಸಮೇತ, ಕೂಗಿದ. ಸೊಸೆ ಕೈಯಲ್ಲಿದ್ದ ತಟ್ಟೆಯನ್ನು ಹಾಗೆಯೇ ನೆಲದ ಮೇಲಿಟ್ಟು ಓಡಿದಳು. ಮಾವ ಹಿಂದಿನ ಕೋಣೆಯ ಮಗ್ಗದಲ್ಲಿದ್ದರು, ಸದ್ದಿಗೆ ಏನೂ ಕೇಳಿಸಿರಲಿಲ್ಲ. ಅವ್ವ ನನ್ನ ಮುಖ ನೋಡಿ, “ಈಗ ನಿಮಗೂ ಕೇಳಿಸಿತೇ?” ಎಂದರು.

ಕಿರುಸಾಲದ ಕಂತು ವಸೂಲಿಗೆ ಬಂದವನು ಅವನು. ಹೆಂಗಸರ ಗುಂಪಿನಲ್ಲಿ ಅವ್ವನ ಹೆಸರಿಗೆ ಮಗ ಸಾಲ ಎತ್ತಿದ್ದ. ಸರ್ಕಾರದ ಯೋಜನೆಯ ದುಡ್ಡು ಬರುತ್ತದೆ ಎಂದು ಹೇಳಿ ಬೆರಳಚ್ಚು ಒತ್ತಿಸಿದ್ದ. ಆದ್ದರಿಂದ ‘ಇಲ್ಲದ ಸಾಲ’ ಎಂಬ ಅವ್ವನ ಮಾತು ಅವರ ತಿಳಿವಳಿಕೆಯ ಮಟ್ಟಿಗೆ ಸತ್ಯ. ಮಾವನಿಗೆ ತಿಳಿಯಬಾರದೆಂದು ಸೊಸೆ ವಾರವಾರವೂ ವಸೂಲಿಯವನನ್ನು ಓಣಿಯ ತಿರುವಿನಲ್ಲೇ ತಡೆಯುತ್ತಿದ್ದಳು. ತಡೆಯಲಾಗದ ವಾರ ಅವನು ಬಾಗಿಲಿಗೆ ಬರುತ್ತಿದ್ದ. ಸೊಸೆ ಅನ್ನದಲ್ಲಿ ವಿಷ ಬೆರೆಸಿರಲಿಲ್ಲ. ಆದರೆ ಅವಳು ಏನನ್ನೋ ಮುಚ್ಚಿಡುತ್ತಿದ್ದಾಳೆಂದು ಅವ್ವನಿಗೆ ಅನ್ನಿಸಿದ್ದು ಸುಳ್ಳಲ್ಲ.

ಹದಿನೆಂಟು ದಿನಗಳಿಗೆ ಮೂರನೆಯ ಅರ್ಥ ಆಗ ಬಂತು. ತಮ್ಮನ ಹಳ್ಳಿಯಲ್ಲಿ ಮಗ್ಗವೂ ಇರಲಿಲ್ಲ, ವಸೂಲಿಯವನೂ ಇರಲಿಲ್ಲ.

ಹಾಗೆಂದು ‘ಸಾಲವೇ ಕಾರಣ’ ಎಂದು ಬರೆಯಲು ನಾನು ಸಿದ್ಧನಿಲ್ಲ. ಅದೇ ಓಣಿಯಲ್ಲಿ ಅದೇ ವಸೂಲಿಯವನು ಹತ್ತಾರು ಬಾಗಿಲು ತಟ್ಟುತ್ತಾನೆ, ಎಲ್ಲರೂ ಹಾಸು ಕತ್ತರಿಸುವುದಿಲ್ಲ. ಥೈರಾಯ್ಡ್ ಕೊರತೆಯುಳ್ಳ ಬಹುಪಾಲು ಹೆಂಗಸರಿಗೆ ಧ್ವನಿ ಕೇಳಿಸುವುದಿಲ್ಲ. ಚಿಕ್ಕಮ್ಮನಿಗೆ ಕಾಯಿಲೆ ಇದ್ದ ಎಷ್ಟೋ ಮಂದಿ ನೆಮ್ಮದಿಯಾಗಿ ಬದುಕುತ್ತಾರೆ. ಚಿಕ್ಕಮ್ಮನ ಕಡೆಯಿಂದ ಬಂದದ್ದೆಷ್ಟು, ಗ್ರಂಥಿಯದೆಷ್ಟು, ಬೈಕಿನವನದೆಷ್ಟು ಎಂದು ಪಾಲು ಹಾಕುವುದು ಆಗದ ಕೆಲಸ. ಆದರೆ ಕಾರಣಗಳ ಲೆಕ್ಕ ಮುಗಿಯುವವರೆಗೆ ಚಿಕಿತ್ಸೆ ಕಾಯಬೇಕಾಗಿಲ್ಲ. ಜ್ವರದ ಮಾತ್ರೆ ಯಾವ ಜ್ವರವನ್ನಾದರೂ ಇಳಿಸುವಂತೆ ರಿಸ್ಪೆರಿಡೋನ್ ಧ್ವನಿಯನ್ನು ತಗ್ಗಿಸುತ್ತದೆ. ಚಿಕ್ಕಮ್ಮನ ಪಾಲನ್ನು ನಾವು ಮುಟ್ಟಲಾರೆವು. ಗ್ರಂಥಿಯದನ್ನು ತುಂಬಿಕೊಡಬಹುದು. ಸಾಲವನ್ನು ತೀರಿಸಬಹುದು.

ತೀರಿಸಬೇಕಾದರೆ ಗಂಡನಿಗೆ ಹೇಳಬೇಕು. ಹೇಳುವವರು ಯಾರು? ನಾನು ಹೇಳುವುದು ಸುಲಭವಿತ್ತು. ಆದರೆ ಗುಟ್ಟು ನನ್ನದಲ್ಲ. ವೈದ್ಯ ಹೇಳಿದರೆ ಮಗ ಮುಂದೆಂದೂ ಕ್ಲಿನಿಕ್ಕಿಗೆ ಕಾಲಿಡುವುದಿಲ್ಲ, ಅವ್ವನ ಮಾತ್ರೆಯೂ ನಿಲ್ಲುತ್ತದೆ. ಮಗನೇ, ಅವ್ವನ ಎದುರಿನಲ್ಲಿ, ತಂದೆಗೆ ಹೇಳಬೇಕು ಎಂದು ನಿಶ್ಚಯಿಸಿದೆವು. ಅವ್ವನ ಎದುರಿನಲ್ಲಿ ಎಂಬುದನ್ನು ನಾನು ಪಟ್ಟು ಹಿಡಿದು ಸೇರಿಸಿದೆ. ಒಂದು ವರ್ಷ ಎಲ್ಲರೂ ಸೇರಿ ‘ಯಾರೂ ಬಂದಿಲ್ಲ’ ಎಂದು ಅವರಿಗೆ ಹೇಳಿದ್ದೆವು, ನಾನೂ ಸೇರಿ. ಮಗ ಎರಡು ವಾರ ತಪ್ಪಿಸಿಕೊಂಡು ಓಡಾಡಿದ, ಮೂರನೆಯ ವಾರ ಹೇಳಿದ. ತಂದೆ ಎರಡು ದಿನ ಯಾರೊಂದಿಗೂ ಮಾತನಾಡಲಿಲ್ಲವಂತೆ. ಬಳಿಕ ಮಗನ ಮಗ್ಗವನ್ನು ಮಾರಿದರು. ಕೈಮಗ್ಗಕ್ಕೆ ಈಗ ಏನು ಬೆಲೆ ಬಂದೀತು? ಸಾಲದ ಕಾಲುಭಾಗವೂ ಆಗಲಿಲ್ಲ. ಉಳಿದದ್ದಕ್ಕೆ ಸೊಸೆ ತನ್ನ ಎರಡು ಬಳೆ ಬಿಚ್ಚಿಕೊಟ್ಟಳು. ಅದಾದ ಮೇಲೆ ಅವ್ವ ಅವಳ ಕೈಯ ಅಡುಗೆ ಉಂಡರು.

ಕ್ಲಿನಿಕ್ಕಿನಲ್ಲಿ ಬದಲಾದದ್ದು

ನಲವತ್ತು ದಾಟಿದವರಲ್ಲಿ ಮೊದಲ ಬಾರಿಗೆ ಭ್ರಮೆ ಕಂಡರೆ ಥೈರಾಯ್ಡ್, ಬಿ12, ಸಕ್ಕರೆ, ಸೋಡಿಯಂ ಪರೀಕ್ಷೆ ಮಾಡಿಸದೆ ನಾನು ಈಗ ರೋಗದ ಹೆಸರು ಬರೆಯುವುದಿಲ್ಲ. ಎರಡು ವರ್ಷ ಹಿಂದಿನ ಒಂದು ಫೋಟೋ ತನ್ನಿ ಎಂದು ಕೇಳುತ್ತೇನೆ, ಜನ ವಿಚಿತ್ರವಾಗಿ ನೋಡುತ್ತಾರೆ. ‘ಭ್ರಮೆ’ ಎಂದು ಬರೆಯುವ ಮೊದಲು ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳುತ್ತೇನೆ. ಮಾವನ ಪಕ್ಕದಲ್ಲಿ ಕೂತ ಸೊಸೆ ಏನು ಹೇಳಿಯಾಳು? ಹೊಸ ಕಾರಣವೊಂದು ಸಿಕ್ಕಾಗ ಹಳೆಯ ಮಾತ್ರೆಯನ್ನು ಏನು ಮಾಡಬೇಕೆಂದು ಬಿಡಿಸಿ ಹೇಳುತ್ತೇನೆ, ಆಮೇಲೆ ಪೇಢೆ.

ಸುತ್ತಿಗೆ ಕಾಗದದ ಮೇಲಿಂದ ಎದ್ದಿದೆ.

ಈಗ

ಸಾಲ ತೀರಿ ಒಂದೂವರೆ ವರ್ಷವಾಗಿದೆ. ಅವ್ವ ಲೆವೊಥೈರಾಕ್ಸಿನ್ 100 ಮೈಕ್ರೋಗ್ರಾಂ, ರಿಸ್ಪೆರಿಡೋನ್ 1 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ರಿಸ್ಪೆರಿಡೋನ್ ಗದಗಿನಲ್ಲಿಯೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಉಚಿತವಾಗಿ ಸಿಗುತ್ತದೆ, ತಿಂಗಳಿಗೊಮ್ಮೆ ಗಂಡ ಹೋಗಿ ತರುತ್ತಾರೆ. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಕಿರಿಯ ಮಗಳ ಟಿಎಸ್‌ಎಚ್ ಕೂಡ ಒಮ್ಮೆ ನೋಡಿಸಿದೆವು, ಸರಿಯಿದೆ. ಧ್ವನಿ ಪೂರ್ತಿ ಹೋಗಿದೆಯೇ ಎಂದು ಪ್ರತಿ ಭೇಟಿಯಲ್ಲಿ ಕೇಳುತ್ತೇನೆ. ನೆರೆಮನೆಯ ವಿದ್ಯುತ್ ಮಗ್ಗ ಬಹಳ ಹೊತ್ತು ಓಡಿದ ದಿನ ಸಂಜೆ ಒಮ್ಮೊಮ್ಮೆ ಕೇಳಿಸಿದಂತಾಗುತ್ತದೆ, ಆಗ ಎದ್ದು ಹಿತ್ತಲಿಗೆ ಹೋಗಿ ಕೂರುತ್ತೇನೆ ಎಂದು ಹೇಳುತ್ತಾರೆ.

ಕಳೆದ ತಿಂಗಳು ಬಂದಾಗ, ಮೊಮ್ಮಗಳ ಜವಳ ಮುಗಿದ ಮೇಲೆ ಆ ಒಂದು ಮಿಲಿಗ್ರಾಂ ಮಾತ್ರೆಯನ್ನೂ ಬಿಡಬಹುದೇ ಎಂದು ಕೇಳಿದರು. ಗಂಡ ಬೇಡವೆಂದರು, ಮಗ ಬಿಡಬಹುದೆಂದ. ಸೊಸೆಯನ್ನು ಹೊರಗೆ ಕರೆದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾರ್ತಿಕ ಕಳೆಯಲಿ ಸಾಹೇಬರೇ, ಮಗ್ಗದ ಕೆಲಸ ಅಷ್ಟರಲ್ಲಿ ಕಡಿಮೆಯಾಗುತ್ತದೆ” ಎಂದಳು. ಕಡತದಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ.